ಇಎನ್8 ರೌಂಡ್, ಸಿ ಚಾನೆಲ್ ಎರಡಕ್ಕೂ ಯಾವ ಕಟಿಂಗ್ ಮಷೀನ್ ತಗೊಳ್ಳಲಿ? ಬ್ಲೇಡ್ ಯಾವುದು ಹಾಕಲಿ?

ಮಚ್ಛೆ_ಶೆಡ್

ಎಲ್ಲರಿಗೂ ನಮಸ್ಕಾರ ರೀ. ಬೆಳಗಾವಿ ಮಚ್ಛೆ ಹತ್ತಿರ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷೀನ್, ವೆಲ್ಡಿಂಗ್ ಸೆಟ್, ಇಷ್ಟೇ. ಕೆಲಸ ಎರಡು ಥರ ಬರುತ್ತದೆ. ಕಬ್ಬಿನ ಸೀಸನ್ ಶುರುವಾಗೋಕೆ ಮುಂಚೆ ಟ್ರಾಲಿ ರಿಪೇರಿ, ಹೊಸ ಟ್ರಾಲಿ ಬಾಡಿ. ಅಂದ್ರೆ ಸಿ ಚಾನೆಲ್, ಆ್ಯಂಗಲ್, ಚೌಕ ಪೈಪು. ಉಳಿದ ಹೊತ್ತು ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾದ ಪಾರ್ಟಿಗಳ ಜಾಬ್‌ವರ್ಕ್. ಪಿನ್ನು, ಬುಷ್, ಸಣ್ಣ ಶಾಫ್ಟು. ಇದಕ್ಕೆಲ್ಲ 40 ಎಂಎಂನಿಂದ 110 ಎಂಎಂವರೆಗೆ ಇಎನ್8 (ಮಧ್ಯಮ ಕಾರ್ಬನ್ ಸ್ಟೀಲ್) ರೌಂಡ್ ಬಾರ್ ಕಟ್ ಮಾಡಬೇಕು.

ಈಗ ಇರೋದು 14 ಇಂಚಿನ ಚಾಪ್ ಸಾ ಒಂದೇ, ಕಲ್ಲಿನ ವೀಲ್ ಹಾಕೋದು. ಆ್ಯಂಗಲ್‌ಗೆ ಪರವಾಗಿಲ್ಲ. ರೌಂಡ್ ಹಾಕಿದ್ರೆ ಮಾತ್ರ ಕಷ್ಟ. 80 ಎಂಎಂ ಬಾರ್ ಅರ್ಧಕ್ಕೆ ಬರೋ ಹೊತ್ತಿಗೆ ಕೆಂಡದ ಹಾಗೆ ಆಗುತ್ತದೆ, ಮೋಟಾರ್ ವಾಸನೆ ಬರುತ್ತದೆ, ಕಟ್ ಸೊಟ್ಟ ಹೋಗುತ್ತದೆ. ಆಮೇಲೆ ಅದನ್ನು ಲೇಥ್‌ಗೆ ಕಟ್ಟಿ ಫೇಸಿಂಗ್ (ಮುಖ ಸಮ ಮಾಡೋದು) ಶುರು ಮಾಡಿದ್ರೆ ಇನ್ಸರ್ಟ್, ಅಂದ್ರೆ ಟೂಲ್ ತುದಿಯ ಕಾರ್ಬೈಡ್ ಬಿಲ್ಲೆ, ಅದರ ಮೂಲೆ ಟಪ್ ಅಂತ ಹಾರುತ್ತದೆ. ಪಕ್ಕದ ಶೆಡ್‌ನವರು ಸದ್ದು, ಧೂಳು ಅಂತ ದಿನಾ ಬೈತಾರೆ, ಅವರದೂ ತಪ್ಪಿಲ್ಲ ಬಿಡಿ.

ಬಜೆಟ್ ಹೆಚ್ಚೆಂದರೆ ಒಂದೂವರೆ ಲಕ್ಷ. ತ್ರೀ ಫೇಸ್ ಲೈನ್ ಇದೆ. ಒಬ್ಬರು ಬ್ಯಾಂಡ್‌ಸಾ (ಎರಡು ಚಕ್ರದ ಮೇಲೆ ಬೆಲ್ಟಿನ ಹಾಗೆ ಓಡೋ ಬ್ಲೇಡ್) ಅಂತಾರೆ, ಒಬ್ಬರು ಪವರ್ ಹ್ಯಾಕ್ಸಾ (ಹಿಂದೆ ಮುಂದೆ ಆಡೋ ಬ್ಲೇಡ್) ಸಾಕು ಅಂತಾರೆ. ನಮ್ಮ ಹುಡುಗ ಒಬ್ಬ "ಹೊಸ ಮಷೀನ್ ಯಾಕೆ, ಇದೇ ಚಾಪ್ ಸಾಗೆ ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಿದ್ರೆ ಆಯ್ತಲ್ಲ, ಬೋರ್ 25.4 ಎರಡಕ್ಕೂ ಒಂದೇ" ಅಂತಿದ್ದಾನೆ. ಅದು ನಡೆಯುತ್ತಾ? ಬ್ಲೇಡ್ ತಗೊಳ್ಳುವಾಗ ಟಿಪಿಐ ಅಂತೆಲ್ಲ ಕೇಳ್ತಾರೆ, ಅದನ್ನೂ ಸ್ವಲ್ಪ ಬಿಡಿಸಿ ಹೇಳಿ.

ಟರ್ನರ್_ಕಾಕಾ

ಮೊದಲು ಆ ಹುಡುಗನ ಕೈಯಿಂದ ಕಾರ್ಬೈಡ್ ಬ್ಲೇಡ್ ಇಸ್ಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿ. ತಮಾಷೆ ಅಲ್ಲ ಇದು.

ಬೋರ್ ಕೂತ ಮಾತ್ರಕ್ಕೆ ಬ್ಲೇಡ್ ಓಡಿಸಬಹುದು ಅಂತಲ್ಲ. ಕಲ್ಲಿನ ವೀಲ್ ಹಾಕೋ 14 ಇಂಚಿನ ಮಷೀನ್ 3800 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತದೆ. ಮಕಿಟಾ 2414 ನೋಡಿ, ಅದರ ಪ್ಲೇಟ್ ಮೇಲೆ ಇರೋದೇ 3800. ಕಬ್ಬಿಣಕ್ಕೆ ಅಂತ ಬರೋ ಕಾರ್ಬೈಡ್ ಬ್ಲೇಡ್ ಇರೋದು ಡ್ರೈ ಕಟ್ ಮಷೀನ್‌ಗೆ. ಮಕಿಟಾದ್ದೇ ಎಲ್‌ಸಿ1230, ಡೆವಾಲ್ಟ್‌ನ ಡಿಡಬ್ಲ್ಯೂ872, ಇವೆಲ್ಲ 1300 ಆರ್‌ಪಿಎಂ ಮಷೀನ್‌ಗಳು. ಲೆಕ್ಕ ಹಾಕಿ: 355 ಎಂಎಂ ಬ್ಲೇಡ್ 1300ಕ್ಕೆ ತಿರುಗಿದ್ರೆ ಅಂಚಿನ ವೇಗ ಸೆಕೆಂಡಿಗೆ 24 ಮೀಟರ್. ಅದೇ ಬ್ಲೇಡ್ 3800ಕ್ಕೆ ತಿರುಗಿದ್ರೆ 70 ಮೀಟರ್. ಮೂರು ಪಟ್ಟು ಹತ್ತಿರ. ಬೆಸುಗೆ ಹಾಕಿದ ಕಾರ್ಬೈಡ್ ಚೂರು ಒಂದು ಕಿತ್ತು ಬಂದ್ರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಹೇಳೋಕಾಗಲ್ಲ. ಬ್ಲೇಡ್ ಮೇಲೇ ಗರಿಷ್ಠ ಆರ್‌ಪಿಎಂ ಬರೆದಿರುತ್ತದೆ, ಮಷೀನ್ ಪ್ಲೇಟ್ ಮೇಲೂ ಬರೆದಿರುತ್ತದೆ. ಎರಡನ್ನೂ ಓದಿ ನೋಡೋಕೆ ಹೇಳಿ ಅವನಿಗೆ.

ಇನ್ಸರ್ಟ್ ಒಡೆಯೋದಕ್ಕೂ ಕಾರಣ ಇದೆ. ಇಎನ್8ನಲ್ಲಿ ಕಾರ್ಬನ್ 0.4% ಹತ್ತಿರ ಇರುತ್ತದೆ. ಕಲ್ಲಿನ ವೀಲ್ ಕಟ್ ಮಾಡೋದಲ್ಲ, ಉಜ್ಜಿ ಸುಡೋದು. ಕೆಂಪಾದ ತೆಳ್ಳನೆ ಪದರದ ಬಿಸಿಯನ್ನು ಒಳಗಿನ ತಣ್ಣನೆ ಬಾರ್ ಸರ್ರಂತ ಎಳ್ಕೊಳ್ಳುತ್ತದೆ, ಹಾಗಾಗಿ ಆ ಮುಖ ಗಟ್ಟಿಯಾಗಿ ಕೂತುಬಿಡುತ್ತದೆ. ನಿಮ್ಮ ಹುಡುಗರು ಬೇಗ ತಣ್ಣಗಾಗಲಿ ಅಂತ ನೀರು ಬೇರೆ ಹಾಕ್ತಾರೋ ಏನೋ, ಹಾಕಿದ್ರೆ ಮುಗೀತು. ಎಂಎಸ್‌ನಲ್ಲಿ (ಮೈಲ್ಡ್ ಸ್ಟೀಲ್) ಕಾರ್ಬನ್ ಕಡಿಮೆ, ಅದಕ್ಕೇ ಆ್ಯಂಗಲ್‌ಗೆ ಈ ತೊಂದರೆ ಗೊತ್ತಾಗಲ್ಲ.

ನಿಮ್ಮದು ಬರೀ ಟ್ರಾಲಿ ಕೆಲಸ ಆಗಿದ್ರೆ ಕಣ್ಣು ಮುಚ್ಚಿ ಡ್ರೈ ಕಟ್ ತಗೊಳ್ಳಿ ಅಂತಿದ್ದೆ. ಚಾನೆಲ್, ಪೈಪು ಎಲ್ಲಾ ಬರ್ ಇಲ್ಲದೆ, ಕೈಯಲ್ಲಿ ಮುಟ್ಟೋ ಅಷ್ಟು ತಣ್ಣಗೆ ಬರುತ್ತವೆ. ಕಟ್ ಆದದ್ದನ್ನು ಹಾಗೇ ವೆಲ್ಡಿಂಗ್‌ಗೆ ಕೂರಿಸಬಹುದು, ಗ್ರೈಂಡರ್ ಹಿಡಿಯೋ ಕೆಲಸ ಇಲ್ಲ. ಆದ್ರೆ 110 ಎಂಎಂ ಇಎನ್8 ದಿನಾ ಅದಕ್ಕೆ ಹಾಕೋಕಾಗಲ್ಲ. ದಪ್ಪ ಸಾಲಿಡ್ ಅದರ ಕೆಲಸ ಅಲ್ಲ, ಹಲ್ಲು ಹೋಗುತ್ತವೆ, ಆ ಬ್ಲೇಡ್ ಅಗ್ಗದ್ದೂ ಅಲ್ಲ.

ಬಾಗಲಕೋಟ_ಹ್ಯಾಕ್ಸಾ

ಎಲ್ಲರೂ ಬ್ಯಾಂಡ್‌ಸಾ ಬ್ಯಾಂಡ್‌ಸಾ ಅಂತಾರೆ. ನಮ್ಮಲ್ಲಿ ಪವರ್ ಹ್ಯಾಕ್ಸಾ ಅಪ್ಪನ ಕಾಲದಿಂದ ಓಡ್ತಿದೆ. ಬೆಲ್ಟು, ಬುಷ್ ಬಿಟ್ಟರೆ ಬೇರೆ ಖರ್ಚೇ ಇಲ್ಲ. ಬಾರ್ ಕಟ್ಟಿ, ಕೂಲಂಟ್ ಬಿಟ್ಟು, ಆ ಕಡೆ ಹೋಗಿ ಲೇಥ್ ಕೆಲಸ ಮಾಡ್ಕೊಳ್ಳಿ. ತುಂಡು ಬಿದ್ದ ಮೇಲೆ ತಾನೇ ಆಫ್ ಆಗುತ್ತದೆ. ಬ್ಲೇಡ್ ಮುರಿದ್ರೂ ಒಂದು ಪಟ್ಟಿ ಮುರಿದಂಗೆ, ಇಡೀ ಲೂಪ್ ಹೋಗಲ್ಲ. ವೆಲ್ಡಿಂಗ್ ಜಾಯಿಂಟ್ ಸರಿ ಇಲ್ಲ, ಗೈಡ್ ಸರಿ ಇಲ್ಲ ಅಂತ ತಲೆನೋವೂ ಇಲ್ಲ.

ಬ್ಲೇಡ್ ಮಾತ್ರ ಪೂರ್ತಿ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಅಥವಾ ಬೈಮೆಟಲ್ ತಗೊಳ್ಳಿ. ಸಾದಾ ಕಾರ್ಬನ್ ಸ್ಟೀಲ್ ಬ್ಲೇಡ್ ಇಎನ್8ಗೆ ಸುಮ್ನೆ ದುಡ್ಡು ದಂಡ. ದಪ್ಪ ರೌಂಡ್‌ಗೆ ಇಂಚಿಗೆ 6 ಹಲ್ಲಿನದು, ಸಣ್ಣದಕ್ಕೆ 10 ಹಲ್ಲಿನದು. ಇನ್ನೊಂದು, ಎಷ್ಟೋ ಹ್ಯಾಕ್ಸಾ ಮಷೀನ್ ಎಳೆಯುವಾಗ ಕಟ್ ಮಾಡ್ತವೆ, ದೂಡುವಾಗ ಅಲ್ಲ. ಕೈ ಹ್ಯಾಕ್ಸಾ ಅಭ್ಯಾಸದಲ್ಲಿ ಹಲ್ಲು ಉಲ್ಟಾ ಹಾಕಿ "ಬ್ಲೇಡ್ ಸರಿ ಇಲ್ಲ" ಅಂತ ಅಂಗಡಿಗೆ ವಾಪಸ್ ತರೋರು ಇದ್ದಾರೆ. ವಾಪಸ್ ಬರುವಾಗ ಫ್ರೇಮ್ ಸ್ವಲ್ಪ ಎತ್ತುತ್ತದಲ್ಲ, ಯಾವ ಕಡೆ ಹೋಗುವಾಗ ಎತ್ತುತ್ತದೆ ನೋಡಿ, ಅದರ ಎದುರು ದಿಕ್ಕಿಗೆ ಹಲ್ಲು ಇರಬೇಕು.

ಸೆಕೆಂಡ್ ಹ್ಯಾಂಡ್ ಹ್ಯಾಕ್ಸಾ ತಗೊಂಡ್ರೆ ನಿಮ್ಮ ಬಜೆಟ್‌ನಲ್ಲಿ ಡ್ರೈ ಕಟ್ ಕೂಡ ಬರಬಹುದು. ಎರಡು ಮಷೀನ್, ಎರಡು ಕೆಲಸ. ಯೋಚನೆ ಮಾಡಿ.

ಬೆಲ್ಟ್_ಪಟ್ಟಿ (ಉದ್ಯಮಬಾಗ)

ಬಾಗಲಕೋಟೆ ಸಾಹೇಬ್ರ ಮಾತು ತೆಗೆದುಹಾಕೋಕೆ ಬರಲ್ಲ. ಆದ್ರೆ ಜಾಬ್‌ವರ್ಕ್ ಮಾಡೋರಿಗೆ ಒಂದು ಲೆಕ್ಕ ಹೇಳ್ತೀನಿ. 100 ಎಂಎಂ ರೌಂಡ್ ಒಂದು ಎಂಎಂ ಪುಡಿ ಆದ್ರೆ ಸುಮಾರು 62 ಗ್ರಾಂ ಸ್ಟೀಲ್ ಹೋಯ್ತು. 27 × 0.9 (27 ಎಂಎಂ ಅಗಲ, 0.9 ಎಂಎಂ ದಪ್ಪ) ಬ್ಯಾಂಡ್‌ಸಾ ಬ್ಲೇಡ್ ತಿನ್ನೋದು ಒಂದೂವರೆ ಎಂಎಂ ಚಿಲ್ಲರೆ. ಹ್ಯಾಕ್ಸಾ ಮಷೀನ್‌ನ ದಪ್ಪ ಬ್ಲೇಡ್, ಕಲ್ಲಿನ ವೀಲ್ ಎರಡೂ 3 ಎಂಎಂ ಹತ್ತಿರ ತಿಂತವೆ. ಅಂದ್ರೆ ಒಂದು ಕಟ್‌ಗೆ 90 ಗ್ರಾಂ ಆಸುಪಾಸು ಉಳಿತಾಯ, ಸಾವಿರ ಪೀಸ್‌ಗೆ 90 ಕೆಜಿ ಇಎನ್8. ಇದು ಬರೀ ಸೀಳಿನ ಲೆಕ್ಕ. ಸೊಟ್ಟ ಕಟ್ ಆಗುತ್ತದೆ ಅಂತ ಫೇಸಿಂಗ್‌ಗೆ ಎರಡು-ಮೂರು ಎಂಎಂ ಜಾಸ್ತಿ ಬಿಡ್ತೀರಲ್ಲ, ಅದು ಬೇರೆ. ಟೈಮೂ ಅಷ್ಟೇ. ಒಳ್ಳೆ ಬ್ಲೇಡ್ ಇದ್ದರೆ ಬ್ಯಾಂಡ್‌ಸಾದಲ್ಲಿ ಐದಾರು ನಿಮಿಷಕ್ಕೆ ಬೀಳೋ ತುಂಡಿಗೆ ಹ್ಯಾಕ್ಸಾ ಕಾಲು ಗಂಟೆ ಮೇಲೆ ತಗೊಳ್ಳುತ್ತದೆ.

ನನ್ನ ಕೇಳಿದ್ರೆ, ನಿಮಗೆ ಬೇಕಾದದ್ದು 7 ಇಂಚಿನ ಸೆಮಿ ಆಟೊ ಬ್ಯಾಂಡ್‌ಸಾ. ಹೊಸದಕ್ಕೆ ಬಜೆಟ್ ಎಳೆದಾಡಿದ್ರೆ ಹಳೇದು ನೋಡಿ. ಇರೋ ಚಾಪ್ ಸಾ ಮಾರಬೇಡಿ, ಟ್ರಾಲಿಯ ಆ್ಯಂಗಲ್‌ಗೆ ಇರಲಿ. ಅದರ ವೀಲ್ ತರುವಾಗ ನಡುವಿನ ತಗಡಿನ ರಿಂಗ್ ಮೇಲೆ ಹೊಡೆದಿರೋ ತಾರೀಖು ನೋಡಿ ತನ್ನಿ. ಈ ರೆಸಿನ್ ವೀಲ್‌ಗೆ ಆಯುಷ್ಯ ತಯಾರಾದ ಮೇಲೆ 3 ವರ್ಷ ಅಷ್ಟೇ. ಮಳೆಗಾಲದಲ್ಲಿ ಬೆಳಗಾವಿಯ ಥಂಡಿ ಗೋಡೆಗೆ ಒರಗಿಸಿಟ್ಟ ಹಳೇ ವೀಲ್ ಹಾಕೋದು ಬೇಡವೇ ಬೇಡ.

ಈಗ ಹಲ್ಲಿನ ವಿಷಯ. ಜನ ಮಷೀನ್‌ಗೆ ಲಕ್ಷ ಹಾಕ್ತಾರೆ, ಬ್ಲೇಡ್ ಮಾತ್ರ "ಯಾವುದೋ ಒಂದು ಕೊಡಿ" ಅಂತ ತರ್ತಾರೆ. ಟಿಪಿಐ ಅಂದ್ರೆ ಒಂದು ಇಂಚಿಗೆ ಎಷ್ಟು ಹಲ್ಲು ಅಂತ. 4/6 ಅಂತ ಬರೆದಿದ್ದರೆ ಹಲ್ಲು ಒಂದೇ ಅಂತರದಲ್ಲಿಲ್ಲ, ಕೆಲವು ಕಡೆ 4, ಕೆಲವು ಕಡೆ 6ರ ಲೆಕ್ಕದಲ್ಲಿ ಇವೆ. ಹೀಗಿದ್ರೆ ಕಟ್ ಆಗುವಾಗ ನಡುಕ, ಕಿರುಚಾಟ ಕಡಿಮೆ. ಕಡಿಮೆ ಅಂದ್ರೂ ಮೂರು ಹಲ್ಲು ಲೋಹದ ಒಳಗಿರಬೇಕು. ಸಾಲಿಡ್ ಬಾರ್‌ಗೆ ಆರರಿಂದ ಹನ್ನೆರಡು ಇದ್ದರೆ ಚೆನ್ನ, 24 ದಾಟಬಾರದು. ಹಲ್ಲು ಕಡಿಮೆ ಆದ್ರೆ ಪ್ರತಿ ಹಲ್ಲಿಗೂ ಏಟು ಜಾಸ್ತಿ, ಕಿತ್ತು ಹೋಗುತ್ತವೆ. ಹಲ್ಲು ಜಾಸ್ತಿ ಆದ್ರೆ ಚಿಪ್ಸ್‌ಗೆ ಕೂರೋಕೆ ಜಾಗ ಇಲ್ಲ, ಹಲ್ಲಿನ ಸಂದಿ ತುಂಬ್ಕೊಂಡು ಬ್ಲೇಡ್ ಜಾರ್ತಾ ಇರುತ್ತದೆ, ಕಟ್ ಆಗಲ್ಲ.

ನಿಮ್ಮ 80ರಿಂದ 110 ಎಂಎಂಗೆ 3/4 ಹಾಕಿ. 40ರಿಂದ 70ಕ್ಕೆ 4/6. ಬೆಳಗ್ಗೆಯಿಂದ ಸಂಜೆವರೆಗೆ ಸೈಜ್ ಬದಲಾಗ್ತಾನೇ ಇದ್ದರೆ, ಒಂದೇ ಬ್ಲೇಡ್ ಇಟ್ಕೊಳ್ಳೋದಾದ್ರೆ, 4/6ನಲ್ಲೇ ನಡೆಸಬಹುದು. 100 ಎಂಎಂಗೆ ಅದು ಸರಾಸರಿ 20 ಹಲ್ಲು ಒಳಗಿಡುತ್ತದೆ, ಸ್ವಲ್ಪ ನಿಧಾನ ಆದ್ರೂ ಕೆಲಸ ಆಗುತ್ತದೆ. 3 ಎಂಎಂ ಗೋಡೆಯ ಚೌಕ ಪೈಪಿಗೆ ಮಾತ್ರ ಇದನ್ನು ಹಾಕಬೇಡಿ, ಹಲ್ಲು ಉದುರಿಸಿಕೊಳ್ತೀರಿ. ಅದಕ್ಕೆ 10/14 ಬೇರೆ ಇಡಿ. 10/14 ಹಾಕಿದ್ರೂ ಫೀಡ್ (ಬ್ಲೇಡ್ ಕೆಳಗಿಳಿಯೋ ವೇಗ) ಕೈ ಹಿಡಿದು ಬಿಡಬೇಕು, ಅದರಲ್ಲೂ ಮೇಲಿನ ಮುಖ ಮುಗಿದು ಎರಡು ಪಕ್ಕದ ಗೋಡೆಗೆ ಇಳಿಯೋ ಹೊತ್ತಿಗೆ.

ಬೈಮೆಟಲ್, ಎಂ42 ಅಂತ ಕೇಳಿ ತಗೊಳ್ಳಿ. ಬೆನ್ನು ಸ್ಪ್ರಿಂಗ್ ಸ್ಟೀಲ್, ಹಲ್ಲಿನ ತುದಿ ಮಾತ್ರ 8% ಕೋಬಾಲ್ಟ್ ಇರೋ ಹೈಸ್ಪೀಡ್ ಸ್ಟೀಲ್. ವಿಕುಸ್, ಲೆನಾಕ್ಸ್, ಬಾಹ್ಕೊ ಯಾವುದಾದ್ರೂ ಆಗುತ್ತದೆ, ಅದರಲ್ಲಿ ಜಗಳ ಇಲ್ಲ. ಕಾಯಿಲ್ ತಂದು ಇಲ್ಲೇ ಜಾಯಿಂಟ್ ಹಾಕಿ ಕೊಡೋರ ಕೈ ಹೇಗಿದೆ ಅನ್ನೋದು ಬ್ರ್ಯಾಂಡ್‌ಗಿಂತ ಮುಖ್ಯ. ಜಾಯಿಂಟ್ ಮೇಲೆ ಉಗುರು ಎಳೆದು ನೋಡಿ, ತಡೀಬಾರದು. ಬೆನ್ನಿನ ಕಡೆ ಸ್ಕೇಲ್ ಇಟ್ಟರೆ ಬೆಳಕು ಕಾಣಬಾರದು.

ಮಚ್ಛೆ_ಶೆಡ್

ಕಾಕಾ, ನೀರು ಹಾಕೋದು ನಿಜ ರೀ, ನಿನ್ನೆಯಿಂದ ನಿಲ್ಲಿಸಿದೀನಿ. ಹುಡುಗನಿಗೂ ಪ್ಲೇಟ್ ತೋರಿಸಿದೆ.

ಬೆಲ್ಟ್_ಪಟ್ಟಿ ಅಣ್ಣಾ, ಕೊಲ್ಲಾಪುರದ ಶಿರೋಳಿ ಎಂಐಡಿಸಿ (ಇಂಡಸ್ಟ್ರಿಯಲ್ ಏರಿಯಾ) ಕಡೆ ಒಂದು ಹಳೇ ಬ್ಯಾಂಡ್‌ಸಾ ಇದೆಯಂತೆ, ಬಜೆಟ್ ಒಳಗೇ ಬರುತ್ತದೆ. ನೋಡೋಕೆ ಹೋದಾಗ ಏನು ಚೆಕ್ ಮಾಡಲಿ? ಮತ್ತೆ ಹೊಸ ಬ್ಲೇಡ್ ಹಾಕಿದ ಕೂಡಲೇ ಹಾಳಾಗುತ್ತದೆ ಅಂತ ಬಹಳ ಜನ ಹೇಳ್ತಾರೆ, ಅದು ಯಾಕೆ?

ಬೆಲ್ಟ್_ಪಟ್ಟಿ (ಉದ್ಯಮಬಾಗ)

ಹೋಗುವಾಗ ಡಿಕ್ಕಿಯಲ್ಲಿ ಒಂದು 100 ಎಂಎಂ ಬಾರ್ ತುಂಡು, ವರ್ನಿಯರ್ ಇಟ್ಕೊಂಡು ಹೋಗಿ. ಬಣ್ಣ ನೋಡಬೇಡಿ, ಹಳೇ ಮಷೀನ್‌ಗೆ ಮಾರೋ ಮುಂಚೆ ಎಲ್ಲರೂ ಬಣ್ಣ ಹೊಡೀತಾರೆ.

ಬಾರ್ ಕಟ್ಟಿ ಒಂದು ಮುಖ ಕಟ್ ಮಾಡಿಸಿ. ವೈಸ್ ಬಿಚ್ಚಿ ಹತ್ತು ಎಂಎಂ ಮುಂದೆ ತಂದು ಇನ್ನೊಂದು ಕಟ್. ಬಿದ್ದ ಬಿಲ್ಲೆಯನ್ನು ನಾಲ್ಕು ಕಡೆ ವರ್ನಿಯರ್ ಹಾಕಿ ಅಳೀರಿ. ಮೇಲೆ-ಕೆಳಗೆ ಎರಡು-ಮೂರು ಪಾಯಿಂಟ್ (0.2-0.3 ಎಂಎಂ) ವ್ಯತ್ಯಾಸ ಇದ್ದರೆ ಹೆದರಬೇಡಿ, ಬ್ಲೇಡ್ ಹಳೇದಿರಬಹುದು. ಒಂದು ಎಂಎಂ ದಾಟಿದ್ರೆ ಗೈಡ್ ನೋಡಿ. ಬ್ಲೇಡ್‌ನ ಎರಡು ಪಕ್ಕ ಹಿಡಿಯೋ ಕಾರ್ಬೈಡ್ ಪ್ಯಾಡ್ ಇರುತ್ತವೆ, ಅದರಲ್ಲಿ ಗೆರೆ ಬಿದ್ದು ಗುಳಿ ಆಗಿದ್ದರೆ ಬದಲಾಯಿಸಬಹುದು. ಬದಲಾಯಿಸೋಕೆ ಆಗದೇ ಇರೋದು ದೊಡ್ಡ ಚಕ್ರದ ಅಂಚು. ಆ ಅಂಚಿಗೆ ಬ್ಲೇಡ್‌ನ ಬೆನ್ನು ಉಜ್ಜಿ ಉಜ್ಜಿ ಮೆಟ್ಟಿಲು ಬಿದ್ದಿದ್ದರೆ, ಹೊಸ ಬ್ಲೇಡ್ ಹಾಕಿದ ವಾರದೊಳಗೆ ಬೆನ್ನಿನ ಕಡೆಯಿಂದ ಸೀಳು ಬರುತ್ತದೆ. ಕವರ್ ತೆಗೆಸಿ ಬೆರಳಾಡಿಸಿ ನೋಡಿ, ಮಷೀನ್ ಆಫ್ ಮಾಡಿಸಿ ಮತ್ತೆ.

ಆಮೇಲೆ ಬೋ (ಬ್ಲೇಡ್, ಚಕ್ರ ಇರೋ ಮೇಲಿನ ಚೌಕಟ್ಟು) ಅರ್ಧಕ್ಕೆ ಎತ್ತಿ ಫೀಡ್ ವಾಲ್ವ್ ಪೂರ್ತಿ ಮುಚ್ಚಿಸಿ, ಒಂದು ಚಹಾ ಕುಡಿದು ಬನ್ನಿ. ಅಲ್ಲೇ ನಿಂತಿರಬೇಕು. ತಾನಾಗಿ ಇಳಿದಿದ್ರೆ ಸಿಲಿಂಡರ್ ಸೀಲ್ ಹೋಗಿದೆ. ಅದು ದೊಡ್ಡ ಖರ್ಚಲ್ಲ, ಆದ್ರೆ ಬೆಲೆ ಇಳಿಸೋಕೆ ಒಳ್ಳೆ ಮಾತು. ಗೇರ್‌ಬಾಕ್ಸ್ ಕೆಳಗೆ ಎಣ್ಣೆ ಕಲೆ ಇದ್ದರೂ ಅಷ್ಟೇ.

ಹೊಸ ಬ್ಲೇಡ್ ಯಾಕೆ ಹಾಳಾಗುತ್ತದೆ ಅಂದ್ರಿ. ಹೊಸ ಹಲ್ಲಿನ ತುದಿ ಸೂಜಿಯಷ್ಟು ಚೂಪಾಗಿರುತ್ತದೆ. ಮೊದಲ ಕಟ್‌ಗೇ ಪೂರ್ತಿ ಫೀಡ್ ಬಿಟ್ಟರೆ ಆ ಚೂಪು ಚಟಪಟ ಮುರೀತದೆ, ಆಮೇಲೆ ಬ್ಲೇಡ್ ಜೀವನಪೂರ್ತಿ ಒರಟಾಗೇ ಕಟ್ ಮಾಡುತ್ತದೆ. ಮೊದಲ ಹತ್ತು-ಹದಿನೈದು ನಿಮಿಷದ ಕಟಿಂಗ್ ಪೂರ್ತಿ ಅರ್ಧ ಫೀಡ್‌ನಲ್ಲಿ ಓಡಿಸಿ, ಸ್ಪೀಡ್ ಮಾಮೂಲಿ ಇರಲಿ. ಆಮೇಲೆ ಸ್ವಲ್ಪ ಸ್ವಲ್ಪ ಬಿಡ್ತಾ ಹೋಗಿ. ಇನ್ನೊಂದು ಕೆಟ್ಟ ಅಭ್ಯಾಸ ಎಲ್ಲರಲ್ಲೂ ಇದೆ. ಅರ್ಧ ಕಟ್‌ನಲ್ಲಿ ಬ್ಲೇಡ್ ಹೋದ್ರೆ ಅದೇ ಸೀಳಿಗೆ ಹೊಸ ಬ್ಲೇಡ್ ಇಳಿಸೋದು. ಹಳೇ ಬ್ಲೇಡ್‌ನ ಹಲ್ಲು ಸವೆದು ಸೀಳು ಸಣ್ಣದಾಗಿರುತ್ತದೆ, ಹೊಸದು ಅದರಲ್ಲಿ ಸಿಕ್ಕಿಹಾಕೊಳ್ಳುತ್ತದೆ. ಬಾರ್ ತಿರುಗಿಸಿ ಬೇರೆ ಕಡೆಯಿಂದ ಶುರು ಮಾಡಿ.

ಸ್ಪೀಡ್ ವಿಷಯಕ್ಕೆ, ಎಂಎಸ್‌ಗೆ ನಿಮಿಷಕ್ಕೆ 70 ಮೀಟರ್ ಆಸುಪಾಸು, ಇಎನ್8ಗೆ 55-60, 304 ಸ್ಟೇನ್‌ಲೆಸ್ ಬಂದ್ರೆ 30-35ಕ್ಕೆ ಇಳಿಸಿ. ಸ್ಟೇನ್‌ಲೆಸ್‌ಗೆ ಸ್ಪೀಡ್ ಇಳಿಸಿದ್ರೂ ಫೀಡ್ ತೀರಾ ಮೆತ್ತಗೆ ಮಾಡಬೇಡಿ, ಬ್ಲೇಡ್ ಸುಮ್ನೆ ಮೇಲೆ ಉಜ್ತಾ ಇದ್ದರೆ ಅದು ಗಟ್ಟಿಯಾಗುತ್ತದೆ. ಇಷ್ಟೆಲ್ಲ ನಂಬರ್ ನೆನಪಿಲ್ಲ ಅಂದ್ರೆ ಚಿಪ್ಸ್ ನೋಡಿ. ಬೆಳ್ಳಗೆ, ಶ್ಯಾವಿಗೆ ತುಂಡಿನ ಹಾಗೆ ಸುರುಳಿ ಬರ್ತಿದ್ರೆ ಸರಿ ಇದೆ. ಪುಡಿ ಪುಡಿ ಬಂದ್ರೆ ಫೀಡ್ ಸಾಲದು. ದಪ್ಪ ದಪ್ಪ, ನೀಲಿ ಬಣ್ಣದ್ದು ಬಂದ್ರೆ ಫೀಡ್ ಜಾಸ್ತಿ ಆಯ್ತು ಅಥವಾ ಕೂಲಂಟ್ ಸರಿಯಾಗಿ ಬೀಳ್ತಿಲ್ಲ. ಕೂಲಂಟ್ 8ರಿಂದ 10% ಇರಲಿ. ಟ್ಯಾಂಕ್ ಒಣಗಿದಾಗೆಲ್ಲ ಬರೀ ನೀರು ಸುರಿಯೋದಲ್ಲ ಮತ್ತೆ. ಮತ್ತೆ ಚಿಪ್ಸ್ ತೆಗೆಯೋ ತಂತಿ ಬ್ರಷ್ ಇರುತ್ತದಲ್ಲ, ಬೋ ಕೆಳಗಡೆ, ಅದು ಸವೆದು ಬೋಳಾಗಿರೋದು ನೂರಕ್ಕೆ ತೊಂಬತ್ತು ಮಷೀನ್‌ನಲ್ಲಿ. ನೂರಿನ್ನೂರು ರೂಪಾಯಿ ಬ್ರಷ್ ಉಳಿಸೋಕೆ ಹೋಗಿ ಬ್ಲೇಡ್ ಕೊಲ್ತಾರೆ.

ಎರಕ_ಹೊಯ್ಯೋನು

ನಡುವೆ ಒಂದು ಮಾತು. ಇವರ ಕಡೆ ಉದ್ಯಮಬಾಗದ ಫೌಂಡ್ರಿಯವರು ಯಾರಾದ್ರೂ "ನಿಮ್ಮಲ್ಲಿ ಬ್ಯಾಂಡ್‌ಸಾ ಬಂದಿದೆಯಲ್ಲ, ನಮ್ಮ ಎಸ್‌ಜಿ ಐರನ್ ಕಾಸ್ಟಿಂಗ್‌ನ ರೈಸರ್ ಕಟ್ ಮಾಡಿಕೊಡಿ" ಅಂತ ಬಂದೇ ಬರ್ತಾರೆ. ಎಸ್‌ಜಿ ಅಂದ್ರೆ ಬಾಗೋ ಗುಣದ ಎರಕದ ಕಬ್ಬಿಣ, ರೈಸರ್ ಅಂದ್ರೆ ಎರಕದ ಮೇಲೆ ಉಳಿಯೋ ಹೆಚ್ಚುವರಿ ಗಡ್ಡೆ. ಬೂದು ಕಾಸ್ಟ್ ಐರನ್ ಆದ್ರೆ ಸುತ್ತಿಗೆ ಏಟಿಗೆ ರೈಸರ್ ಬೀಳುತ್ತದೆ, ಎಸ್‌ಜಿ ಬಗ್ಗುತ್ತದೆ ಹೊರತು ಬೀಳಲ್ಲ, ಅದಕ್ಕೇ ಕಟಿಂಗ್ ಬೇಕಾಗೋದು. ಶಾಟ್ ಬ್ಲಾಸ್ಟ್ (ಸಣ್ಣ ಕಬ್ಬಿಣದ ಗುಂಡು ಹೊಡೆದು ಸ್ವಚ್ಛ ಮಾಡೋದು) ಆಗದ ಕಾಸ್ಟಿಂಗ್ ಮೈಮೇಲೆ ಮರಳು ಸುಟ್ಟು ಹಿಡ್ಕೊಂಡಿರುತ್ತದೆ. ನಿಮ್ಮ ಎಂ42 ಬ್ಲೇಡ್ ಅದಕ್ಕೆ ಹಾಕಿದ್ರೆ ಒಂದೇ ಪೀಸ್‌ಗೆ ಹಲ್ಲು ನುಣ್ಣಗೆ. ಅದಕ್ಕೆ ಕಲ್ಲಿನ ವೀಲೇ ಸರಿ. ಒಪ್ಕೊಂಡ್ರೂ ಬ್ಲೇಡ್ ಅವರೇ ತರಲಿ ಅಂತ ಹೇಳಿ. ಕಾಸ್ಟ್ ಐರನ್‌ಗೆ ಕೂಲಂಟ್ ಬಿಡಬೇಡಿ, ಪುಡಿ ಕೆಸರಾಗಿ ಪಂಪ್ ಕಟ್ಟುತ್ತದೆ.

ವಿಜಾಪುರ_ಫ್ಯಾಬ್ರಿಕೇಟರ್

ಕರೆಂಟ್ ಬಗ್ಗೆ ಯಾರೂ ಹೇಳಲಿಲ್ಲ. ಕಟ್ ನಡುವೆ ಕರೆಂಟ್ ಹೋದ್ರೆ ಬ್ಲೇಡ್ ಬಾರ್ ಒಳಗೇ ನಿಲ್ಲುತ್ತದೆ. ವಾಪಸ್ ಬಂದ ಕೂಡಲೇ ಬಟನ್ ಒತ್ತಬೇಡಿ, ಅಷ್ಟೂ ಹಲ್ಲಿಗೆ ಒಮ್ಮೆಲೇ ಲೋಡ್ ಬೀಳುತ್ತದೆ. ಮೊದಲು ಬೋ ಒಂದಿಷ್ಟು ಎತ್ತಿ, ಬ್ಲೇಡ್ ಓಡೋಕೆ ಬಿಟ್ಟು, ಆಮೇಲೆ ನಿಧಾನ ಇಳಿಸಿ.

ಇನ್ನೊಂದು, ಹೆಸ್ಕಾಂನವರು ಟ್ರಾನ್ಸ್‌ಫಾರ್ಮರ್, ಲೈನ್ ಕೆಲಸ ಮಾಡಿ ಹೋದ ದಿನ ಫೇಸ್ ಅದಲು ಬದಲು ಆಗಿರೋ ಸಾಧ್ಯತೆ ಇರುತ್ತದೆ. ಆಗ ತ್ರೀ ಫೇಸ್ ಮೋಟಾರ್ ಉಲ್ಟಾ ತಿರುಗುತ್ತದೆ, ಬ್ಲೇಡ್ ಹಿಂದಕ್ಕೆ ಓಡುತ್ತದೆ. ಸದ್ದು ಬರುತ್ತದೆ, ಕಟ್ ಆಗಲ್ಲ, ಹಲ್ಲು ಸುಟ್ಟು ಹೋಗುತ್ತವೆ. ಕೆಲಸ ಶುರು ಮಾಡೋ ಮುಂಚೆ ಖಾಲಿ ಓಡಿಸಿ ದಿಕ್ಕು ನೋಡಿ. ಒಂದು ಫೇಸ್ ಹೋದ್ರೆ ಮೋಟಾರ್ ಸುಡದ ಹಾಗೆ ಪ್ರಿವೆಂಟರ್ ಕೂಡ ಹಾಕಿಸಿ.

ಹೊಸ ಬ್ಲೇಡ್ ಬಿಚ್ಚುವಾಗಲೂ ಹುಷಾರು. ಸುರುಳಿ ಕಟ್ಟಿರೋ ಟೇಪ್ ಕತ್ತರಿಸಿದ ಕೂಡಲೇ ಅದು ಮುಖಕ್ಕೆ ಹಾರುತ್ತದೆ. ಗ್ಲೌಸ್, ಕನ್ನಡಕ ಹಾಕ್ಕೊಂಡು, ಬಯಲಲ್ಲಿ ನಿಂತು ಬಿಚ್ಚಿ. ಮಷೀನ್ ಓಡುವಾಗ ಮಾತ್ರ ಗ್ಲೌಸ್ ಬೇಡ. ಬಿಚ್ಚಿದ ಮೇಲೆ ಹಲ್ಲು ಉಲ್ಟಾ ದಿಕ್ಕಿಗೆ ಕಂಡ್ರೆ ಬ್ಲೇಡ್ ತಪ್ಪು ಬಂದಿದೆ ಅಂತ ವಾಪಸ್ ಕೊಡಬೇಡಿ, ಅಂಗಿ ಒಳಗು ಹೊರಗು ಮಾಡೋ ಹಾಗೆ ಅದನ್ನೂ ತಿರುವಿ ಹಾಕಬಹುದು.

ಮಚ್ಛೆ_ಶೆಡ್

ಶಿರೋಳಿಗೆ ಹೋಗಿ ಬಂದೆ. ಚಕ್ರದ ಅಂಚು ಚೆನ್ನಾಗಿದೆ, ಬೋ ಮಾತ್ರ ನಿಧಾನ ಇಳೀತಾ ಇತ್ತು, ಅಣ್ಣ ಹೇಳಿದ ಹಾಗೆ ಅದನ್ನೇ ಹಿಡ್ಕೊಂಡು ಬೆಲೆ ಇಳಿಸಿದೆ. ಅಡ್ವಾನ್ಸ್ ಕೊಟ್ಟಿದೀನಿ. ಬ್ಲೇಡ್ ಆರ್ಡರ್ ಕೊಡುವಾಗ ಏನೇನು ಬರೆದು ಕೊಡಬೇಕು? ಮಷೀನ್ ಪ್ಲೇಟ್ ಕಿತ್ತು ಹೋಗಿದೆ, ಉದ್ದ ಗೊತ್ತಿಲ್ಲ.

ಬೆಲ್ಟ್_ಪಟ್ಟಿ (ಉದ್ಯಮಬಾಗ)

ಹಳೇ ಬ್ಲೇಡ್ ಇದ್ದರೆ ಜಾಯಿಂಟ್ ಹತ್ತಿರ ಕಟ್ ಮಾಡಿ ನೆಲಕ್ಕೆ ಹಾಸಿ ಅಳೀರಿ, ಅದಕ್ಕಿಂತ ನಿಖರ ಬೇರೆ ಇಲ್ಲ. ಇಲ್ಲದಿದ್ರೆ ಟೆನ್ಶನ್ ಹ್ಯಾಂಡಲ್ ಪೂರ್ತಿ ಸಡಿಲ ಮಾಡಿ, ಅಲ್ಲಿಂದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬಿಗಿ ಮಾಡಿ, ಎರಡೂ ಚಕ್ರದ ಸುತ್ತ ಟೇಪ್ ಹಾಕಿ ಅಳೀರಿ. ಹಾಗೆ ಮಾಡಿದ್ರೆ ಬ್ಲೇಡ್ ಹತ್ತಿಪ್ಪತ್ತು ಎಂಎಂ ಆಚೀಚೆ ಆದ್ರೂ ಹ್ಯಾಂಡಲ್‌ನಲ್ಲಿ ಸರಿ ಹೋಗುತ್ತದೆ. ಅಗಲ, ದಪ್ಪಕ್ಕೆ ಗೈಡ್ ಪ್ಯಾಡ್ ನಡುವಿನ ಗ್ಯಾಪ್ ನೋಡಿ, 7 ಇಂಚಿನ ಮಷೀನ್ ಅಂದ್ರೆ ಬಹುತೇಕ 27 × 0.9 ಇರುತ್ತದೆ. 34 × 1.1 ಗಟ್ಟಿ ಅಂತ ಯಾರಾದ್ರೂ ತಲೆಗೆ ತುಂಬಿದ್ರೆ ಕೇಳಬೇಡಿ. ಸಣ್ಣ ಚಕ್ರದ ಮೇಲೆ ದಪ್ಪ ಬ್ಲೇಡ್ ಬಾಗಿ ಬಾಗಿ ಹಲ್ಲಿನ ಬುಡದಿಂದ ಸೀಳುತ್ತದೆ.

ಚೀಟಿಯಲ್ಲಿ ಇಷ್ಟು ಬರೀರಿ: ಎಂ42 ಬೈಮೆಟಲ್, 27 × 0.9, ನೀವು ಅಳೆದ ಉದ್ದ, 4/6 ಎರಡು, 3/4 ಒಂದು, 10/14 ಒಂದು. ಮೊದಲ ಸಲ 4/6 ಒಂದೇ ತರಿಸಿ ಉದ್ದ ಸರಿ ಕೂತ ಮೇಲೆ ಉಳಿದದ್ದು ತರಿಸಿದ್ರೂ ನಡೆಯುತ್ತದೆ, ಜಾಯಿಂಟ್ ಹಾಕಿದ ಬ್ಲೇಡ್ ವಾಪಸ್ ತಗೊಳ್ಳಲ್ಲ ಯಾರೂ.